ಎಲ್ಲಾ ಇದ್ದವರ ಉಡುಗೊರೆ ಪಟ್ಟಿ

ತುಂಬಾ ಹಿಂದಿನ ಮಾತಲ್ಲ, ಮೊನ್ನೆ ಮೊನ್ನೆಯದು. ಆದರೂ ಕಥೆ ಅಂದಮೇಲೆ ಒಂದು ರಾಜ್ಯ ಇರಲೇಬೇಕು. ಹಾಗಾಗಿ ಒಂದು ಬೀದಿಯನ್ನೇ ರಾಜ್ಯ ಅಂದುಕೊಳ್ಳಿ. ಬೀದಿಯ ಈ ತುದಿಯಲ್ಲಿ ಒಬ್ಬಳು ರಾಣಿ. ಅವಳ ತಲೆಯ ಮೇಲೆ ಕಿರೀಟ ಇರಲಿಲ್ಲ, ಕುತ್ತಿಗೆಯಲ್ಲಿ ಅಳತೆಯ ಟೇಪು ಇತ್ತು. ಆ ತುದಿಯಲ್ಲಿ ಒಬ್ಬ ರಾಜ. ಅವನ ಕೈಯಲ್ಲಿ ಕತ್ತಿ ಇರಲಿಲ್ಲ, ಒಂದು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ಇತ್ತು. ನಿಂತುಹೋದ ಗಡಿಯಾರಗಳಿಗೆ ಜೀವ ಕೊಡುವುದು ಅವನ ಕಸುಬು. ರಾಣಿಯ ಗಂಡ ತೀರಿಹೋಗಿ ಹನ್ನೊಂದು ವರ್ಷ, ರಾಜನ ಹೆಂಡತಿ ತೀರಿಹೋಗಿ ಎಂಟು.

ಒಂದು ದಿನ ರಾಣಿಯ ಹೊಲಿಗೆ ಅಂಗಡಿಯ ಗೋಡೆ ಗಡಿಯಾರ ನಿಂತಿತು. ರಾಜ ಬಂದು ರಿಪೇರಿ ಮಾಡಿದ. ಮುಂದಿನ ತಿಂಗಳು ಅದು ಮತ್ತೆ ನಿಂತಿತು. ಅದರ ಮುಂದಿನ ತಿಂಗಳೂ ನಿಂತಿತು. ಅಷ್ಟು ಒಳ್ಳೆಯ ಕೆಲಸಗಾರ ಮುಟ್ಟಿದ ಗಡಿಯಾರ ತಿಂಗಳಿಗೊಮ್ಮೆ ಯಾಕೆ ನಿಲ್ಲುತ್ತದೆ ಅನ್ನುವುದನ್ನು ಮೊದಲು ಕಂಡುಹಿಡಿದವಳು ರಾಣಿಯ ಅತ್ತೆ, ಅಂದರೆ ತೀರಿಹೋದ ಗಂಡನ ತಾಯಿ.

"ಬ್ಯಾಟರಿ ನೀನೇ ತೆಗೀತೀಯೋ, ಅವರೇ ತೆಗೀತಾರೋ?" ಅಂತ ಊಟಕ್ಕೆ ಕೂತಾಗ ಕೇಳಿದಳು.

ರಾಣಿ ಮಜ್ಜಿಗೆಗೆ ಎರಡನೇ ಸಲ ಉಪ್ಪು ಹಾಕಿಕೊಂಡಳು.

"ಸರಿ ಬಿಡು. ಮದುವೆ ಆಗ್ಬಿಡಿ. ಬ್ಯಾಟರಿ ಆದ್ರೂ ಉಳಿಯತ್ತೆ."

ಇದನ್ನು ರಾಜ ರಾಣಿಯ ಕಥೆ ಮಾಡಿಕೊಂಡವಳು ಆ ಮನೆಯ ಮಗಳು ಗುಬ್ಬಿ. ಅವಳಿಗೆ ಇಪ್ಪತ್ತಮೂರಾದರೂ ಅಜ್ಜಿ ಇಟ್ಟ ಆ ಹೆಸರು ಬಿಟ್ಟುಹೋಗಿರಲಿಲ್ಲ. ಅಜ್ಜಿಯ ತೊಡೆಯ ಮೇಲೆ ಕಥೆ ಕೇಳಿ ಬೆಳೆದ ಹುಡುಗಿ, ಗ್ರಂಥಾಲಯದಲ್ಲಿ ಕೆಲಸ. ಪುಸ್ತಕದ ಗಾಡಿ ತಳ್ಳಿಕೊಂಡು ಹೋಗುತ್ತಾ ತಾನೇ ಯಾವುದೋ ತೇರಿನಲ್ಲಿ ಕೂತಂತೆ ಕನಸು ಕಂಡು, ಅಡುಗೆ ಪುಸ್ತಕಗಳನ್ನು ಕಾನೂನಿನ ಕಪಾಟಿಗೆ ಜೋಡಿಸಿ ಬರುತ್ತಿದ್ದಳು. ಆದರೂ ಒಂದು ಕೆಲಸ ಅವಳಿಗೆ ಚೆನ್ನಾಗಿ ಬರುತ್ತಿತ್ತು. ಒಂದೇ ಪುಸ್ತಕದ ಎರಡು ಪ್ರತಿಗಳಿದ್ದರೆ ಹಳೆಯದಕ್ಕೆ ಕೆಂಪು ಚೀಟಿ ಅಂಟಿಸಿ ಹೊರಗೆ ಕಳಿಸುವುದು, ಉಳಿಯುವುದಕ್ಕೆ ಹಸಿರು ಚೀಟಿ ಅಂಟಿಸುವುದು.

ಮದುವೆಗೆ ಇನ್ನು ಐದು ವಾರ. ಬೆಳಿಗ್ಗೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ, ಮಧ್ಯಾಹ್ನ ಮನೆಯಲ್ಲಿ ಊಟ, ಅಷ್ಟೇ. ಅದರ ಮಾತಾಡಲಿಕ್ಕೆ ಅಂತ ಒಂದು ಭಾನುವಾರ ಗುಬ್ಬಿಯ ಸೋದರತ್ತೆ ಬಂದಳು. ಆಸ್ಪತ್ರೆಯಲ್ಲಿ ನರ್ಸು, ಮನೆಯಲ್ಲೂ ನರ್ಸು. ಬಂದವಳೇ ಎಲ್ಲರ ಮುಖ ನೋಡಿ, "ಯಾರೂ ನೀರು ಕುಡೀತಿಲ್ಲ ನೀವು," ಅಂತ ಗದರಿ, ಆಮೇಲೆ ಚಪ್ಪಲಿ ಬಿಚ್ಚಿದಳು.

"ಅತ್ತಿಗೆ, ಎಲ್ರೂ ನನ್ನ ತಲೆ ತಿಂತಿದಾರೆ. ಏನು ಉಡುಗೊರೆ ಕೊಡೋದು ಅಂತ."

"ಏನೂ ಬೇಡ ಅಂತ ಹೇಳು," ಅಂದಳು ಅಮ್ಮ, ಗುಂಡಿ ಕಾಜಾ ಹೊಲಿಯುತ್ತಾ.

"ಏನೂ ಬೇಡ ಅಂದ್ರೆ ಜನ ಏನು ತರ್ತಾರೆ ಗೊತ್ತಾ? ಗಡಿಯಾರ! ಈಗಾಗ್ಲೇ ಇಬ್ರು ಗೋಡೆ ಗಡಿಯಾರ ತೊಗೊಂಡಾಗಿದೆ."

ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಗಡಿಯಾರದ ಮಾಮನಿಗೆ, ಅಂದರೆ ರಾಜನಿಗೆ, ಕೆಮ್ಮು ಬಂತು. ಅವರ ಮನೆಯಲ್ಲಿ ಆಗಲೇ ನಲವತ್ತು ಗಡಿಯಾರಗಳಿದ್ದವು.

"ಹನ್ನೊಂದು ಮನೆಯವರು ಬರ್ತಾರೆ, ಈ ಮನೇದೂ ಸೇರಿದ್ರೆ ಹನ್ನೆರಡು," ನರ್ಸ್ ಅತ್ತೆ ಬೆರಳು ಮಡಚಿದಳು. "ಬೇಕಾದ ಹನ್ನೆರಡು ಸಾಮಾನು ಬರೆದು ಕೊಡಿ. ಒಬ್ಬೊಬ್ಬರು ಒಂದೊಂದರ ಮುಂದೆ ಹೆಸರು ಹಾಕ್ಲಿ. ಒಂದು ಸಾಲಿಗೆ ಒಂದೇ ಹೆಸರು. ಆಗ ಯಾವುದೂ ಎರಡೆರಡು ಬರಲ್ಲ."

"ಬರೆಯೋಕೆ ಏನಿದೆ? ಇಪ್ಪತ್ತೈದು ವರ್ಷದ ಸಂಸಾರ ನಂದು. ಅವರದ್ದೂ ಅಷ್ಟೇ. ಚಮಚದಿಂದ ಹಿಡಿದು ಫ್ರಿಜ್ಜಿನವರೆಗೆ ಎರಡೆರಡಿದೆ."

"ನಾನು ಮಾಡ್ತೀನಿ," ಅಂದಳು ಗುಬ್ಬಿ. "ಮದುವೆ ಹಿಂದಿನ ಭಾನುವಾರದೊಳಗೆ ಹನ್ನೆರಡು ಸಾಲು. ಮಾತು ಕೊಟ್ಟೆ."

"ಹೋದ ವರ್ಷ ಮಾತು ಕೊಟ್ಟ ಕಿಟಕಿ ಪರದೆ ಇನ್ನೂ ಕಪಾಟಲ್ಲಿ ಮಲಗಿದೆ," ಅಂದಳು ಅಮ್ಮ.

"ಅದು ಪರದೆ. ಇದು ಪಟ್ಟಿ."

ಅಜ್ಜಿ ಮಾತ್ರ ಮೊಮ್ಮಗಳ ಕಡೆ ಹುಬ್ಬು ಹಾರಿಸಿದಳು. "ಮಾಡ್ಲಿ ಬಿಡ್ರೇ. ನನ್ನ ಕಥೆ ಕೇಳಿ ಬೆಳೆದವಳು, ಕೊನೆಗೊಮ್ಮೆ ಮುಗಿಸೇ ಮುಗಿಸ್ತಾಳೆ."

ಏನಿಲ್ಲ ಅಂತ ಗೊತ್ತಾಗಬೇಕಾದರೆ ಮೊದಲು ಏನಿದೆ ಅಂತ ಗೊತ್ತಾಗಬೇಕಲ್ಲ? ಗುಬ್ಬಿ ಗ್ರಂಥಾಲಯದಿಂದ ಎರಡು ಕಟ್ಟು ಚೀಟಿ ತಂದಳು. ಮಾಮ ಮತ್ತು ಅವರ ತಾಯಿ ಈ ಮನೆಗೇ ಬರುವುದೆಂದು ಆಗಿತ್ತು, ಯಾಕೆಂದರೆ ಹೊಲಿಗೆ ಅಂಗಡಿ ಈ ಮನೆಯ ಮುಂಭಾಗದಲ್ಲೇ ಇತ್ತು. ಅವರ ಮನೆಯ ಹೆಚ್ಚಿನ ಸಾಮಾನು ಮುಂಚಿತವಾಗಿಯೇ ಸಣ್ಣ ಟೆಂಪೋದಲ್ಲಿ ಮೂರು ಸಲ ಬಂದು ಇಳಿಯಿತು. ಅಡುಗೆಮನೆಯಲ್ಲಿ ನಿಲ್ಲಲು ಜಾಗ ಇಲ್ಲ. ಎರಡು ಒಲೆ, ಮೂರು ಮಿಕ್ಸಿ, ನಾಲ್ಕು ಕುಕ್ಕರು, ಸೌಟು ಎಣಿಸಲು ಹೋದರೆ ಹತ್ತೊಂಬತ್ತು. ಉಗ್ರಾಣದ ಕೋಣೆಯ ಬಾಗಿಲು ತೆರೆದರೆ ಹಾಸಿಗೆಗಳು ಮೈಮೇಲೆ ಬೀಳುತ್ತಿದ್ದವು.

ಗುಬ್ಬಿ ಫ್ರಿಜ್ಜಿನ ಬಾಗಿಲ ಮೇಲೆ ನಿಯಮ ಬರೆದು ಅಂಟಿಸಿದಳು: ಒಂದೇ ಥರದ್ದು ಎರಡಿದ್ದರೆ ಹಳೆಯದಕ್ಕೆ ಕೆಂಪು ಚೀಟಿ. ಕೆಂಪು ಚೀಟಿಯದೆಲ್ಲ ಹುಡುಗಿಯರ ಹಾಸ್ಟೆಲ್ಲಿಗೆ.

ಅಜ್ಜಿ ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದಳು.

"ಯಾವುದು ಹಳೇದು ಅಂತ ಹೇಗೆ ಗೊತ್ತಾಗತ್ತೆ?"

"ನೋಡಿದ್ರೇ ಗೊತ್ತಾಗತ್ತಲ್ಲ ಅಜ್ಜಿ. ಮಾಸಿರತ್ತೆ, ಸವೆದಿರತ್ತೆ, ಹಿಡಿ ಅಲ್ಲಾಡ್ತಿರತ್ತೆ."

"ಹೌದೌದು, ಹಿಡಿ ಅಲ್ಲಾಡ್ತಿರತ್ತೆ," ಅಂತ ಅಜ್ಜಿ ತನ್ನ ಮಂಡಿ ತಿಕ್ಕಿಕೊಂಡಳು. "ನನಗೂ ನಾಲ್ಕು ಕೆಂಪು ಚೀಟಿ ಕೊಡು. ಖಾಲಿ ಕೂತಿದೀನಿ, ಸಹಾಯ ಮಾಡ್ತೀನಿ."

ಗುಬ್ಬಿ ಖುಷಿಯಿಂದ ಹತ್ತು ಕೊಟ್ಟಳು.

ಎರಡನೇ ವಾರದಿಂದ ಮಾಮನ ತಾಯಿ ದಿನವೂ ಬರತೊಡಗಿದರು. ನಲವತ್ತು ಗಡಿಯಾರಗಳ ನಡುವೆ ಮಾತಾಡಿ ಮಾತಾಡಿ ಅವರ ಗಂಟಲು ದೊಡ್ಡದಾಗಿತ್ತು. ಗುಬ್ಬಿ ಮನಸ್ಸಿನಲ್ಲೇ ಅವರಿಗೆ ಗಂಟೆ ಅಜ್ಜಿ ಅಂತ ಹೆಸರಿಟ್ಟಳು. ಬೀದಿಯಲ್ಲಿದ್ದಾಗಲೇ ಅವರು ಬರುವುದು ಗೊತ್ತಾಗುತ್ತಿತ್ತು. ಮೊದಲ ದಿನವೇ ಚಹಾದ ಮೇಲೆ ಯುದ್ಧ.

"ಇದೇನು, ಚಹಾನೋ ಪಾತ್ರೆ ತೊಳೆದ ನೀರೋ?" ಅಂದರು ಗಂಟೆ ಅಜ್ಜಿ.

"ನಮ್ಮನೇಲಿ ಕುಡಿಯೋಕೆ ಮಾಡ್ತೀವಿ," ಅಂದಳು ಅಜ್ಜಿ ಮೆಲ್ಲಗೆ. "ಗಡಿಯಾರಕ್ಕೆ ಎಣ್ಣೆ ಹಾಕೋಕಲ್ಲ."

"ಪುಡಿ ಕುದಿಸ್ಬೇಕು, ತಿಳೀತಾ? ಕುದಿಸ್ಬೇಕು! ಹೀಗೆ ತೋರಿಸಿ ತೆಗೆಯೋದಲ್ಲ!"

"ಕೂಗ್ಬೇಡಿ, ನನಗೆ ಕಿವಿ ಚೆನ್ನಾಗಿ ಕೇಳತ್ತೆ."

"ನನಗೆ ಕೇಳಲ್ಲ! ಅದಕ್ಕೇ ಕೂಗೋದು!"

ಮರುದಿನ ಉಪ್ಪಿನ ಡಬ್ಬಿ ಯಾವ ಹಲಗೆಯ ಮೇಲೆ ಅಂತ. ಅದರ ಮರುದಿನ ಆಲೂಗಡ್ಡೆ ಸಿಪ್ಪೆ ತೆಗೆದು ಬೇಯಿಸಬೇಕೋ ಬೇಯಿಸಿ ಸಿಪ್ಪೆ ತೆಗೆಯಬೇಕೋ ಅಂತ. ಕೊನೆಗೆ ಅರ್ಧರ್ಧ ಮಾಡಿ ಒಂದೇ ತಟ್ಟೆಯಲ್ಲಿ ಎರಡು ಗುಡ್ಡೆ ಬಂದವು. ಮಾಮ ಒಂದೊಂದು ಗುಡ್ಡೆಯಿಂದ ಒಂದೊಂದು ತುಂಡು ಲೆಕ್ಕ ತಪ್ಪದೆ ತಿಂದು, ಎರಡೂ ಚೆನ್ನಾಗಿವೆ ಅಂದು, ಇಬ್ಬರಿಂದಲೂ ಬೈಸಿಕೊಂಡರು.

ಗುಬ್ಬಿಯ ಪಟ್ಟಿ ಮಾತ್ರ ಖಾಲಿ. ಮಾಮನನ್ನು ಕೇಳಿದರೆ, "ನನಗೇನಮ್ಮಾ... ಒಂದು ಸಣ್ಣ ಸ್ಕ್ರೂಡ್ರೈವರ್ ತುದಿ ಮುರಿದಿದೆ," ಅಂತ ನಾಚಿದರು. ಅಮ್ಮನನ್ನು ಕೇಳಿದರೆ ಮಷೀನು ತುಳಿಯುವುದು ನಿಲ್ಲಿಸದೆ ಹೇಳಿದಳು: "ಬೆಳಿಗ್ಗೆ ಎದ್ದಾಗ ಯಾರೂ ನನ್ನ ಹೆಸರು ಹಿಡಿದು ಕರೀಬಾರ್ದು. ಅಮ್ಮಾ, ಅತ್ತಿಗೆ, ಟೈಲರಮ್ಮಾ, ಏನೂ ಕೇಳಿಸ್ಬಾರ್ದು. ಮೂರು ದಿನ. ಅಂಗಡೀಲಿ ಸಿಗತ್ತಾ ಅದು?"

"ಸಿಗಲ್ಲ."

"ಮತ್ತೆ ಸುಮ್ನೆ ಯಾಕೆ ಕೇಳ್ತೀಯಾ? ಆ ಲೈನಿಂಗ್ ಬಟ್ಟೆ ಇತ್ತ ಕೊಡು."

ಮೂರನೇ ವಾರ ಮಂಚದ ಮಾತು ಬಂತು. ಹಿಂದಿನ ಕೋಣೆ ಅಜ್ಜಿಯದು. ಗಂಟೆ ಅಜ್ಜಿಯ ಮಂಚವನ್ನೂ ಅಲ್ಲೇ ಹಾಕುವುದು ಅಂತ ಎಲ್ಲರೂ ಅಂದುಕೊಂಡಿದ್ದರು. ಅಮ್ಮ ಕುತ್ತಿಗೆಯ ಟೇಪು ತೆಗೆದು ನೆಲ ಅಳೆದಳು. ಈ ಗೋಡೆಯಿಂದ ಆ ಗೋಡೆಗೆ, ಮತ್ತೆ ಬಾಗಿಲಿಂದ ಕಿಟಕಿಗೆ. ಹುಬ್ಬು ಗಂಟಾಯಿತು. ಮತ್ತೊಮ್ಮೆ ಅಳೆದಳು.

"ಎರಡು ಮಂಚ ಹಾಕಿದ್ರೆ ನಡುವೆ ಕಾಲಿಡೋಕೂ ಜಾಗ ಇಲ್ಲ," ಅಂದಳು. "ಒಂದೇ ಹಿಡಿಸೋದು."

ಅಷ್ಟು ಹೇಳಿ, ಯಾರೋ ಗಿರಾಕಿ ಕರೆದರು ಅಂತ ಅಂಗಡಿಗೆ ಓಡಿದಳು. ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಗುಬ್ಬಿ ಕಪಾಟಿಗೆ ಕೆಂಪು ಚೀಟಿ ಅಂಟಿಸುತ್ತಾ, ಆ ಕಪಾಟು ಹಾಸ್ಟೆಲ್ಲಿನ ಯಾವ ಹುಡುಗಿಯ ಪಾಲಾಗುತ್ತದೋ, ಅವಳು ಅದರಲ್ಲಿ ಯಾವ ಗುಟ್ಟು ಬಚ್ಚಿಡುತ್ತಾಳೋ ಅಂತ ಕನಸು ಕಾಣುತ್ತಿದ್ದಳು. ಅಜ್ಜಿಯ ಮುಖ ನೋಡಲಿಲ್ಲ.

ಆ ದಿನದಿಂದ ಅಜ್ಜಿ ಜಗಳ ನಿಲ್ಲಿಸಿದಳು. ಗಂಟೆ ಅಜ್ಜಿ ಉಪ್ಪಿನ ಡಬ್ಬಿಯನ್ನು ಕೆಳಗಿನ ಹಲಗೆಗೆ ಇಳಿಸಿದರೆ, "ಅಲ್ಲೇ ಇರ್ಲಿ, ನಿಮಗೆ ಕೈಗೆ ಸಿಗ್ಬೇಕಲ್ಲ," ಅಂದಳು. ಚಹಾ ಕುದಿಸಿ ಕಪ್ಪಗೆ ಮಾಡಿ ಕೊಟ್ಟರೆ ತೆಪ್ಪಗೆ ಕುಡಿದಳು.

"ಏನಾಯ್ತು ಇವರಿಗೆ?" ಅಂತ ಗಂಟೆ ಅಜ್ಜಿ ಗುಬ್ಬಿಯನ್ನು ಪಕ್ಕಕ್ಕೆ ಕರೆದು, ಪಿಸುಗುಟ್ಟುತ್ತಿದ್ದೇನೆ ಅಂದುಕೊಂಡು, ಇಡೀ ಮನೆಗೆ ಕೇಳುವಂತೆ ಕೇಳಿದರು. "ಜ್ವರಾನಾ?"

"ಹೊಂದ್ಕೊಳ್ತಿದಾರೆ ಅಜ್ಜಿ," ಅಂದಳು ಗುಬ್ಬಿ. ಅವಳಿಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು.

ನಾಲ್ಕನೇ ವಾರದ ಶನಿವಾರ ಹಾಸ್ಟೆಲ್ಲಿನ ಗಾಡಿ ಬರುವುದಿತ್ತು. ಕೆಂಪು ಚೀಟಿಯ ಸಾಮಾನೆಲ್ಲ ಅಂಗಳಕ್ಕೆ ಬಂತು. ಕುಕ್ಕರು, ಮಿಕ್ಸಿ, ಹಾಸಿಗೆ, ಕುರ್ಚಿ, ಒಂದರ ಹಿಂದೊಂದು. ಗುಬ್ಬಿ ಕೈಯಲ್ಲಿ ಪೆನ್ಸಿಲು ಹಿಡಿದು ಗುರುತು ಹಾಕುತ್ತಾ ಹೋದಳು. ತಟ್ಟೆಗಳ ರಾಶಿಯ ಮೇಲೆ ಒಂದು ಸ್ಟೀಲಿನ ತಟ್ಟೆ. ಅಂಚು ಒಂದು ಕಡೆ ಸೊಟ್ಟ. ಅದು ಸೊಟ್ಟಗಾಗಿದ್ದು ಗುಬ್ಬಿ ಮೂರು ವರ್ಷದವಳಿದ್ದಾಗ ಮೆಟ್ಟಿಲ ಮೇಲಿಂದ ಉರುಳಿಸಿದ್ದರಿಂದ. ಅಜ್ಜಿ ಅವತ್ತಿನಿಂದ ಬೇರೆ ತಟ್ಟೆಯಲ್ಲಿ ಉಂಡವಳಲ್ಲ. ಅದಕ್ಕೂ ಕೆಂಪು ಚೀಟಿ.

ತಪ್ಪಿ ಬಂದಿರಬೇಕು ಅಂತ ಗುಬ್ಬಿ ಅದನ್ನು ಎತ್ತಿಕೊಂಡಳು. ಅದರ ಪಕ್ಕ ಅಜ್ಜಿಯ ಮಣೆ, ಅದಕ್ಕೊಂದು ಕೆಂಪು. ಅಜ್ಜಿಯ ಸ್ನಾನದ ಚೊಂಬು, ಅದಕ್ಕೂ. ಗೇಟಿನ ಹತ್ತಿರ ಅಜ್ಜಿಯ ತಗಡಿನ ಪೆಟ್ಟಿಗೆ, ಹಗ್ಗ ಬಿಗಿದು ನಿಂತಿತ್ತು. ಮುಚ್ಚಳದ ಮೇಲೆ ಓರೆಯಾಗಿ ಅಂಟಿಸಿದ ಕೆಂಪು ಚೀಟಿ. ಪೆಟ್ಟಿಗೆಯ ಮೇಲೆ ಅಜ್ಜಿ, ಹೊರಗೆ ಹೋಗುವಾಗಿನ ಸೀರೆ ಉಟ್ಟು, ಛತ್ರಿ ಹಿಡಿದು ಕೂತಿದ್ದಳು.

ಅದೇ ಹೊತ್ತಿಗೆ ನರ್ಸ್ ಅತ್ತೆ ಆಟೋದಿಂದ ಇಳಿದಳು. "ಏನಮ್ಮಾ ಇದು, ಫೋನ್ ಮಾಡಿ ಬಂದು ಕರ್ಕೊಂಡು ಹೋಗು ಅಂತೀಯಾ? ಯಾರಿಗೆ ಏನಾಯ್ತು?"

ಅಂಗಡಿಯಿಂದ ಅಮ್ಮ ಬಂದಳು, ಒಳಗಿಂದ ಮಾಮ ಬಂದರು, ಕೈಯಲ್ಲಿ ಸೌಟು ಹಿಡಿದು ಗಂಟೆ ಅಜ್ಜಿ ಬಂದರು.

"ಯಾರು ಇದಕ್ಕೆ ಚೀಟಿ ಅಂಟಿಸಿದ್ದು?" ಗಂಟೆ ಅಜ್ಜಿಯ ದನಿಗೆ ಎದುರುಮನೆಯ ಕಿಟಕಿ ತೆರೆಯಿತು.

"ನಾನೇ," ಅಂದಳು ಅಜ್ಜಿ. "ನಿಯಮ ಇದೆಯಲ್ಲ. ಒಂದೇ ಥರದ್ದು ಎರಡಿದ್ರೆ ಹಳೇದು ಹೊರಗೆ. ಈ ಮನೇಲಿ ಈಗ ಅತ್ತೆಯಂದ್ರು ಇಬ್ರು. ನಿಮಗೆ ಎಪ್ಪತ್ತನಾಲ್ಕು, ನನಗೆ ಎಪ್ಪತ್ತೊಂಬತ್ತು. ಕೋಪ ಇಲ್ಲ, ಬೇಜಾರಿಲ್ಲ. ಮದುವೆ ಆಗು ಅಂದವಳೇ ನಾನು. ಮಗಳ ಮನೇಲಿ ಇರ್ತೀನಿ."

ಗುಬ್ಬಿಯ ಕೈಯಲ್ಲಿದ್ದ ಸೊಟ್ಟ ತಟ್ಟೆ ಕಲ್ಲಿನಷ್ಟು ಭಾರವಾಯಿತು. ನಿಯಮ ಬರೆದ ಕೈ ಅದೇ.

"ಅತ್ತೆ," ಅಂದಳು ಅಮ್ಮ. ಅವಳ ಬಾಯಲ್ಲಿ ಇನ್ನೂ ಗುಂಡುಸೂಜಿ ಇತ್ತು. ತೆಗೆದು ಸೆರಗಿಗೆ ಚುಚ್ಚಿಕೊಂಡಳು. "ನಿಮ್ಮನ್ನ ಕಳಿಸ್ತೀನಿ ಅಂತ ನಾನು ಯಾವತ್ತು ಹೇಳ್ದೆ?"

"ನೀನು ಹೇಳ್ಲಿಲ್ಲ. ನಿನ್ನ ಟೇಪು ಹೇಳ್ತು. ಒಂದೇ ಹಿಡಿಸೋದು ಅಂತ."

"ಮಂಚ ಹಿಡಿಸಲ್ಲ ಅಂದೆ! ನಿಮ್ಮನ್ನ ಅಳೆದೆನಾ ನಾನು? ಹನ್ನೊಂದು ವರ್ಷದಿಂದ ನೀವು ಬಡಿಸಿದ್ದನ್ನ ಉಂಡು ಮಷೀನು ತುಳಿದಿದೀನಿ. ನೀವಿಲ್ದಿದ್ರೆ ಆ ಗಡಿಯಾರದ ಬ್ಯಾಟರಿ ಇನ್ನೂ ತೆಗೀತಾನೇ ಇರ್ತಿದ್ದೆ." ಹೇಳಿದ ಮೇಲೆ ಅಮ್ಮನ ಮುಖ ಕೆಂಪಾಯಿತು. ಮಾಮ ಆಕಾಶ ನೋಡಿದರು.

ಆದರೆ ಗಂಟೆ ಅಜ್ಜಿ ಇನ್ನೂ ಹಿಂದಿನ ಮಾತಿನಲ್ಲೇ ನಿಂತಿದ್ದರು. ಮಾತು ಕಿವಿಯಿಂದ ಒಳಗೆ ಹೋಗಲು ಅವರಿಗೆ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು.

"ಏನಂದ್ರಿ? ಒಂದೇ ಥರಾನಾ? ನೀವೂ ನಾನೂ ಒಂದೇ ಥರಾನಾ?" ಸೌಟು ಮೇಲೇರಿತು. "ಬಿಸಿನೀರಿಗೆ ಪುಡಿ ತೋರಿಸಿ ಚಹಾ ಅನ್ನೋರು ನೀವು! ನನ್ನನ್ನ ನಿಮ್ಮ ಜೊತೆ ಒಂದೇ ರಾಶಿಗೆ ಹಾಕ್ತೀರಾ?"

"ಅಯ್ಯೋ, ನಾನೇನು ಆಸೆಪಟ್ಟು ಹಾಕಿದ್ನಾ?" ಅಜ್ಜಿಗೆ ಹತ್ತು ದಿನದ ಮೇಲೆ ದನಿ ಬಂತು. "ಆಲೂಗಡ್ಡೆ ಸಿಪ್ಪೆ ಜೊತೆ ಅರ್ಧ ಆಲೂಗಡ್ಡೇನೂ ಎಸೆಯೋರು ನೀವು. ನಿಮ್ಮ ಥರ ಅನ್ನಿಸ್ಕೊಳ್ಳೋಕೆ ನನಗೂ ಇಷ್ಟ ಇಲ್ಲ."

"ಮತ್ತೆ ಏಳಿ ಮೇಲೆ! ಎಂಟು ವರ್ಷದಿಂದ ಗಡಿಯಾರಗಳ ಜೊತೆ ಮಾತಾಡಿದೀನಿ ನಾನು. ಒಂದಕ್ಕಾದ್ರೂ ಎದುರುತ್ತರ ಕೊಡೋಕೆ ಬರಲ್ಲ. ಈಗ ತಾನೇ ಜಗಳಕ್ಕೆ ಒಬ್ರು ಸಿಕ್ಕಿದಾರೆ, ಅಷ್ಟರಲ್ಲಿ ಪೆಟ್ಟಿಗೆ ಕಟ್ತಾರಂತೆ!" ಅವರು ಬಗ್ಗಿ, ಪೆಟ್ಟಿಗೆಯ ಮೇಲಿನ ಚೀಟಿಯನ್ನು ಪರ್ರನೆ ಕಿತ್ತು ಸೌಟಿಗೆ ಅಂಟಿಸಿದರು. "ಇದನ್ನ ಕಳಿಸಿ. ಹತ್ತೊಂಬತ್ತಿದೆ."

ಮೊದಲು ನಕ್ಕವಳು ನರ್ಸ್ ಅತ್ತೆ. "ಎಲ್ಲರೂ ಮೊದಲು ನೀರು ಕುಡೀರಿ," ಅಂದಳು.

ಗುಬ್ಬಿ ಅಜ್ಜಿಯ ಪಕ್ಕ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತಳು. "ಅಜ್ಜೀ, ನಿಯಮ ತಪ್ಪಾಗಿ ಬರೆದೆ."

"ನಿಯಮ ಸರಿಯಾಗೇ ಇತ್ತು ಕಣೇ. ಮಿಕ್ಸಿಗೆ," ಅಂದಳು ಅಜ್ಜಿ. ಮೊಮ್ಮಗಳ ಕೈಯಿಂದ ತಟ್ಟೆ ಇಸಿದುಕೊಂಡು ಸೆರಗಿನಿಂದ ಒರೆಸಿದಳು.

ಆಗ ಮಾಮ, ಇಡೀ ತಿಂಗಳಲ್ಲಿ ಮೊದಲ ಸಲ, ಯಾರೂ ಕೇಳದೆ ಮಾತಾಡಿದರು. "ಉಗ್ರಾಣ ಈಗ ಖಾಲಿ ಆಯ್ತಲ್ಲ. ಅದಕ್ಕೂ ಹಿಂದಿನ ಕೋಣೆಗೂ ನಡುವೆ ಇರೋದು ಅರ್ಧ ಇಟ್ಟಿಗೆ ಗೋಡೆ. ತೆಗೆದ್ರೆ ಎರಡು ಮಂಚ ಹಿಡಿಸತ್ತೆ. ಕಪಾಟೂ ಹಿಡಿಸತ್ತೆ."

ಅಮ್ಮ ಟೇಪು ಹಿಡಿದು ಒಳಗೆ ಓಡಿದಳು. ಎರಡು ನಿಮಿಷಕ್ಕೆ ಒಳಗಿಂದ ಕೂಗು: "ಹಿಡಿಸತ್ತೆ! ಒಂದೂವರೆ ಅಡಿ ಉಳಿಯತ್ತೆ!"

ಗುಬ್ಬಿ ಪಟ್ಟಿ ಬಿಚ್ಚಿ ಮೊದಲ ಸಾಲು ಬರೆದಳು: ಗಾರೆ ಕೆಲಸದವರ ಎರಡು ದಿನದ ಕೆಲಸ.

ಅಲ್ಲಿಂದ ಪಟ್ಟಿ ತಾನಾಗಿಯೇ ನಡೆಯಿತು. ಮನೆಯಲ್ಲಿ ಎಲ್ಲ ಇತ್ತು ನಿಜ, ಆದರೆ ಅದೆಲ್ಲ ಮಂಡಿ ಗಟ್ಟಿಯಿದ್ದವರ ಮನೆಯ ಸಾಮಾನು. ಬಚ್ಚಲಿನ ಗೋಡೆಗೆ ಹಿಡಿಕೆ, ಎರಡು. ಅದರ ಮುಂದೆ ನರ್ಸ್ ಅತ್ತೆ ಆಗಲೇ ಹೆಸರು ಬರೆದಳು. ಮಂಚದ ತಲೆದೆಸೆಗೆ ದೀಪ, ಎರಡು, ಯಾಕೆಂದರೆ ಒಬ್ಬರು ಬೇಗ ಮಲಗುವವರು, ಇನ್ನೊಬ್ಬರು ಓದುವವರು. ಚಹಾದ ಪಾತ್ರೆ ಎರಡು, ಒಂದು ಕುದಿಸಲು, ಒಂದು ತೋರಿಸಿ ತೆಗೆಯಲು. ಇಬ್ಬರನ್ನೂ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬರುವ ಒಂದು ಬೆಳಗ್ಗೆ. ಗಂಟೆ ಅಜ್ಜಿಗೆ ಕಿವಿಯ ಮಷೀನು ಅಂತ ಬರೆದಾಗ ಅಜ್ಜಿ ಪೆನ್ಸಿಲು ಹಿಡಿದುಕೊಂಡಳು.

"ಅದು ಬೇಡ. ಕೇಳೋಕೆ ಶುರುವಾದ್ರೆ ಜಗಳಕ್ಕೆ ರುಚಿ ಇರಲ್ಲ."

"ಏನಂದ್ರು?" ಅಂದರು ಗಂಟೆ ಅಜ್ಜಿ.

"ಬೇಗ ತರಿಸು ಅಂದೆ!" ಅಂತ ಅಜ್ಜಿ ಕೂಗಿದಳು.

ಸ್ಕ್ರೂಡ್ರೈವರಿಗೂ ಒಂದು ಸಾಲು ಸಿಕ್ಕಿತು. ಗೋಡೆ ಗಡಿಯಾರ ತೊಗೊಂಡ ಇಬ್ಬರೂ ಅದನ್ನು ಅಂಗಡಿಗೆ ವಾಪಸು ಕೊಟ್ಟು ಬೇರೆ ಸಾಲು ಹಿಡಿದರು. ಒಬ್ಬ ದೂರದ ದೊಡ್ಡಪ್ಪ ಫೋನು ಮಾಡಿ, "ಏನಮ್ಮಾ, ಇದು ಯಾರ ಮದುವೆ?" ಅಂತ ಕೇಳಿದರು. "ಮದುವೆ ಅಮ್ಮಂದು ದೊಡ್ಡಪ್ಪಾ, ಪಟ್ಟಿ ಅಜ್ಜಿಯಂದಿರದ್ದು," ಅಂದಳು ಗುಬ್ಬಿ. ಅವರು ಆಗಿಂದಾಗಲೇ ಗಾರೆ ಕೆಲಸದ ಮುಂದೆ ತಮ್ಮ ಹೆಸರು ಬರೆಸಿದರು. ಗೋಡೆ ಬುಧವಾರ ಬಿತ್ತು, ಶುಕ್ರವಾರ ಮಂಚಗಳು ಬಂದವು. ಶನಿವಾರದ ಹೊತ್ತಿಗೆ ಕಿಟಕಿ ಯಾರ ಕಡೆಗಿರಬೇಕು ಅಂತ ಹೊಸ ಜಗಳ ಚೆನ್ನಾಗಿ ಹತ್ತಿಕೊಂಡಿತ್ತು.

ಮದುವೆ ಹಿಂದಿನ ಭಾನುವಾರ ಬೆಳಿಗ್ಗೆ ಹನ್ನೊಂದು ಸಾಲು ತುಂಬಿ ಒಂದು ಉಳಿದಿತ್ತು. ಊಟದ ಮೇಜಿನ ಮೇಲೆ ಎರಡು ಪಾತ್ರೆಯಲ್ಲಿ ಎರಡು ಬಣ್ಣದ ಚಹಾ. ಅಮ್ಮ ಒಂದು ಗುಟುಕು ಕುಡಿಯುವಷ್ಟರಲ್ಲಿ ಅಂಗಡಿಯ ಬಾಗಿಲಿಂದ "ಟೈಲರಮ್ಮಾ!" ಅಂತ ಕರೆ ಬಂತು, ಎದ್ದು ಹೋದಳು. ಅವಳ ಲೋಟದಲ್ಲಿ ಚಹಾ ಆರತೊಡಗಿತು.

ಗುಬ್ಬಿ ಆ ಲೋಟ ನೋಡಿದಳು. ಅಂಗಡಿಯಲ್ಲಿ ಸಿಗದ ಆ ಸಾಮಾನು ನೆನಪಾಯಿತು. ಪೆನ್ಸಿಲು ಬಿಟ್ಟು ಪೆನ್ನು ಹಿಡಿದು ಬರೆದಳು, ಬರೆಯುತ್ತಾ ಗಟ್ಟಿಯಾಗಿ ಓದಿದಳು: "ಅಮ್ಮ, ಮಾಮ ಇಬ್ಬರೂ ಮೂರು ದಿನ ಎಲ್ಲಾದರೂ ಹೋಗಿ ಬರಲು, ಮನೆ, ಹೊಲಿಗೆ ಅಂಗಡಿ ಮತ್ತು ಗಡಿಯಾರದ ಅಂಗಡಿ ನೋಡಿಕೊಳ್ಳುವವರು ಒಬ್ಬರು."

ಮಾಮ ಕಣ್ಣಿನ ಭೂತಗನ್ನಡಿ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ನನ್ನ ಹೆಸರು ಬರಿ," ಅಂದಳು ಅಜ್ಜಿ.

"ಇವರ ಹೆಸರಾ? ಮೂರು ದಿನ ಇವರ ಚಹಾ ಕುಡಿದ್ರೆ ಗಿರಾಕಿಗಳು ಊರು ಬಿಡ್ತಾರೆ! ನನ್ನ ಹೆಸರು ಬರಿ," ಅಂದರು ಗಂಟೆ ಅಜ್ಜಿ.

"ಇವರು ಕೂಗೋ ಕೂಗಿಗೆ ಬಟ್ಟೆ ಹೊಲಿಗೆ ಬಿಡತ್ತೆ. ನಾನು ಮೊದಲು ಹೇಳಿದ್ದು, ಗುಬ್ಬಿ."

"ಒಂದು ಸಾಲಿಗೆ ಒಂದೇ ಹೆಸರು," ಅಂತ ಗುಬ್ಬಿ ಶುರುಮಾಡಿದಳು. ಇಬ್ಬರೂ ಅವಳನ್ನು ನೋಡಿದರು, ಒಂದೇ ರೀತಿ, ಕನ್ನಡಕದ ಮೇಲಿನಿಂದ.

ಗುಬ್ಬಿ ಬರೆದಳು: ಅಜ್ಜಿ. ಒಂದು ಅಲ್ಪವಿರಾಮ ಹಾಕಿದಳು. ಮತ್ತೆ ಬರೆದಳು: ಅಜ್ಜಿ.

ಫೋಟೋ ತೆಗೆದು ಹನ್ನೊಂದು ಮನೆಗಳಿಗೂ ಕಳಿಸಿದಳು. ಚಹಾ ಆರುವ ಮೊದಲೇ ದೊಡ್ಡಪ್ಪನ ಉತ್ತರ ಬಂತು: "ಕೊನೇ ಸಾಲಲ್ಲಿ ಒಂದೇ ಹೆಸರು ಎರಡು ಸಲ ಬಂದಿದೆ. ಒಂದನ್ನ ಹೊಡೆದುಹಾಕು."

"ಎರಡೂ ಬೇಕು ದೊಡ್ಡಪ್ಪಾ," ಅಂತ ಬರೆದು ಕಳಿಸಿ, ಗುಬ್ಬಿ ಎದ್ದು ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ, ಹಳೆಯ ನಿಯಮ ಇದ್ದ ಜಾಗದಲ್ಲೇ, ಅಂಟಿಸಿದಳು.